ಅಸುರನೊಳಗಿನ ಅಸು

ಮರಣದ ಸುದ್ದಿಯನ್ನು ಬರೆಯುವಾಗ ನಮ್ಮ ಪತ್ರಿಕೆಗಳು ಇಂದಿಗೂ ಕೈಬಿಡದ ಒಂದು ಮಾತಿದೆ: ‘ಅಸುನೀಗಿದರು’. ಅಸು ಎಂದರೆ ಉಸಿರು, ಪ್ರಾಣ, ನೀಗುವುದೆಂದರೆ ಕಳೆದುಕೊಳ್ಳುವುದು. ಮೊದಲ ಭಾಗ ವೇದಕಾಲದ ಸಂಸ್ಕೃತ, ಎರಡನೆಯ ಭಾಗ ಅಚ್ಚಗನ್ನಡ. ದಿನಬಳಕೆಯ ಕನ್ನಡದಲ್ಲಿ ಅಸು ಎಂಬ ಪದ ಈ ಒಂದು ಜೋಡಿಯಲ್ಲಲ್ಲದೆ ಬೇರೆಡೆ ಕಾಣಸಿಗುವುದು ಅಪರೂಪ. ಚಿಕ್ಕಂದಿನಲ್ಲಿ ಈ ಮಾತನ್ನು ಓದಿದಾಗಲೆಲ್ಲ ನನಗೆ ಅಸುರರ ನೆನಪಾಗುತ್ತಿತ್ತು. ಎರಡೂ ಪದಗಳ ಆರಂಭ ಒಂದೇ ಆಗಿರುವುದು ಕಾಕತಾಳೀಯವೆಂದು ಸುಮ್ಮನಾಗುತ್ತಿದ್ದೆ. ಅದು ಕಾಕತಾಳೀಯವಲ್ಲವೆಂದು ಹೇಳಿದ ವಿದ್ವಾಂಸರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಇದ್ದರೆಂಬುದು ತಿಳಿದದ್ದು ಬಹಳ ತಡವಾಗಿ, ಅದೂ ನಾನು ಮಾಡಿದ ಒಂದು ತಪ್ಪಿನಿಂದ.

ಹಲವು ವರ್ಷಗಳ ಹಿಂದೆ, ವಾರಕ್ಕೊಮ್ಮೆ ಸೇರುತ್ತಿದ್ದ ಚಿಕ್ಕ ಓದಿನ ಬಳಗವೊಂದರಲ್ಲಿ ಪುರಾಣಗಳ ಮಾತು ಬಂದಾಗ, ಸುರೆಯನ್ನು ಸ್ವೀಕರಿಸಿದವರು ಸುರರು, ಸ್ವೀಕರಿಸದವರು ಅಸುರರು ಎಂದು ನಾನು ಬಹಳ ಭರವಸೆಯಿಂದ ಹೇಳಿದ್ದೆ. ಆ ಮಾತು ನನ್ನ ಕಲ್ಪನೆಯೇನೂ ಆಗಿರಲಿಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ, ಸಮುದ್ರಮಥನದಲ್ಲಿ ಹುಟ್ಟಿದ ವಾರುಣಿಯನ್ನು, ಅಂದರೆ ಸುರೆಯನ್ನು, ಅದಿತಿಯ ಮಕ್ಕಳು ಸ್ವೀಕರಿಸಿ ಸುರರಾದರೆಂದೂ ದಿತಿಯ ಮಕ್ಕಳು ನಿರಾಕರಿಸಿ ಅಸುರರಾದರೆಂದೂ ಹೇಳಿದೆ. ಬಳಗದಲ್ಲಿದ್ದ ಹಿರಿಯ ವೇದವಿದ್ವಾಂಸರೊಬ್ಬರು ನನ್ನನ್ನು ಅಲ್ಲಗಳೆಯಲಿಲ್ಲ. ಮರುವಾರ ಅವರು ಋಗ್ವೇದದ ಪುಸ್ತಕವೊಂದನ್ನು ತಂದು, ಮೊದಲ ಮಂಡಲದ ಇಪ್ಪತ್ನಾಲ್ಕನೆಯ ಸೂಕ್ತವನ್ನು ತೆರೆದು, ಹದಿನಾಲ್ಕನೆಯ ಮಂತ್ರವನ್ನು ಓದಲು ಹೇಳಿದರು. ಯೂಪಕ್ಕೆ, ಅಂದರೆ ಬಲಿಗಂಬಕ್ಕೆ, ಕಟ್ಟಲ್ಪಟ್ಟ ಶುನಃಶೇಪನು ತನ್ನ ಪಾಶಗಳನ್ನು ಸಡಿಲಿಸೆಂದು ವರುಣನನ್ನು ಬೇಡಿಕೊಳ್ಳುವ ಸೂಕ್ತ ಅದು. ‘ಕ್ಷಯನ್ನಸ್ಮಭ್ಯಮಸುರ ಪ್ರಚೇತಾ ರಾಜನ್ನೇನಾಂಸಿ ಶಿಶ್ರಥಃ ಕೃತಾನಿ’ ಎಂದು ಓದಿದೆ. ಸಾವಿನ ಅಂಚಿನಲ್ಲಿರುವ ಹುಡುಗ ತನ್ನನ್ನು ಉಳಿಸಬಲ್ಲ ದೇವರನ್ನು ‘ಅಸುರ’ ಎಂದು ಕರೆಯುತ್ತಿದ್ದಾನೆ. ‘ಇಲ್ಲಿ ನಿಮ್ಮ ಸುರೆಯನ್ನು ಎಲ್ಲಿಡುತ್ತೀರಿ?’ ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವೇದದ ಪದಗಳ ಅರ್ಥವನ್ನು ಹೇಗೆ ನಿರ್ಣಯಿಸಬೇಕೆಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಒಂದು ಮಂತ್ರ ಅಪವಾದವೇ ಎಂದು ಹುಡುಕುತ್ತ ಹೋದರೆ ಹಾಗೆ ಕಾಣುವುದಿಲ್ಲ. ಅದೇ ಮಂಡಲದಲ್ಲಿ ಸವಿತೃದೇವನು ‘ಹಿರಣ್ಯಹಸ್ತೋ ಅಸುರಃ’, ಬಂಗಾರದ ಕೈಯುಳ್ಳ ಅಸುರ. ಮೂರನೆಯ ಮಂಡಲದ ಐವತ್ತೈದನೆಯ ಸೂಕ್ತದಲ್ಲಿ 22 ಮಂತ್ರಗಳಿದ್ದು, ಪ್ರತಿಯೊಂದೂ ‘ಮಹದ್ದೇವಾನಾಮಸುರತ್ವಮೇಕಮ್’ ಎಂದು ಮುಗಿಯುತ್ತದೆ: ದೇವತೆಗಳ ಮಹತ್ತಾದ ಅಸುರತ್ವವು ಒಂದೇ. ಅಸುರತ್ವವು ದೇವತೆಗಳ ಹಿರಿಮೆಯಾಗಿರುವ ಈ ಪಲ್ಲವಿಯನ್ನು ಪುರಾಣದ ಅರ್ಥದಿಂದ ಓದಲು ಸಾಧ್ಯವೇ ಇಲ್ಲ. ಆದರೆ ಅದೇ ಋಗ್ವೇದದ ಎಂಟನೆಯ ಮಂಡಲದಲ್ಲಿ ‘ಅನಾಯುಧಾಸೋ ಅಸುರಾ ಅದೇವಾಃ’ ಎಂಬ ಮಾತೂ ಇದೆ. ಆಯುಧವಿಲ್ಲದ, ದೇವರಲ್ಲದ ಆ ಅಸುರರನ್ನು ಚದರಿಸೆಂದು ಇಂದ್ರನನ್ನು ಅಲ್ಲಿ ಪ್ರಾರ್ಥಿಸಲಾಗಿದೆ. ಅಂದರೆ ಒಂದೇ ಸಂಹಿತೆಯೊಳಗೆ ಈ ಪದ ಎರಡು ದಡಗಳಲ್ಲಿ ನಿಂತಿದೆ. ‘ಅದೇವಾಃ’ ಎಂಬ ವಿಶೇಷಣವನ್ನು ಕವಿ ಸೇರಿಸಬೇಕಾಗಿ ಬಂದದ್ದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ದೇವರಾದ ಅಸುರರೂ ಇದ್ದ ಕಾಲದಲ್ಲಿ ಮಾತ್ರ ದೇವರಲ್ಲದ ಅಸುರರೆಂದು ಬೇರ್ಪಡಿಸಿ ಹೇಳುವ ಅಗತ್ಯ ಬೀಳುತ್ತದೆ.

ಇರಾನಿನ ಅವೆಸ್ತಾ ಭಾಷೆಯಲ್ಲಿ ಇದೇ ಪದ ‘ಅಹುರ’ ಎಂದಾಗಿ, ಜರಥುಷ್ಟ್ರನ ಪರಂಪರೆಯ ಪರಮದೇವನಾದ ಅಹುರ ಮಜ್ದಾನ ಹೆಸರಿನಲ್ಲಿ ಉಳಿದಿದೆ. ಸಂಸ್ಕೃತದ ಸಕಾರಕ್ಕೆ ಅಲ್ಲಿ ಹಕಾರ ಬರುವುದು ನಿಯಮ. ಸೋಮ ಅಲ್ಲಿ ಹಓಮ, ಸಿಂಧು ಅಲ್ಲಿ ಹಿಂದು. ಅಲ್ಲಿ ಬಿದ್ದುಹೋದದ್ದು ‘ದೇವ’ ಎಂಬ ಪದ, ‘ದಏವ’ ಎಂದರೆ ಅವರಿಗೆ ದುಷ್ಟಶಕ್ತಿ. ಒಂದೇ ಮನೆಯ ಎರಡು ಪದಗಳು ಇಲ್ಲೊಂದು ಅಲ್ಲೊಂದು ಪಟ್ಟವೇರಿದ ಕಥೆಯನ್ನು ವಿವರಿಸುವ ಊಹೆಗಳು ಹಲವಿವೆ. ನನಗೆ ಅದಕ್ಕಿಂತ ಮುಖ್ಯವಾದದ್ದು, ಪದದ ಅರ್ಥ ಬದಲಾದ ಮೇಲೆ ನಮ್ಮ ಭಾಷೆ ಅದಕ್ಕೆ ಹೊಸ ವಂಶಾವಳಿಯನ್ನು ಕಟ್ಟಿಕೊಂಡ ಬಗೆ. ಅಸುರನೆಂದರೆ ದೇವವಿರೋಧಿ ಎಂಬ ಅರ್ಥ ಗಟ್ಟಿಯಾದ ಬಳಿಕ ಮೊದಲ ಅಕ್ಷರ ‘ಅ’ ನಿಷೇಧಾರ್ಥಕವೆಂದು ತೋರತೊಡಗಿತು. ಅದನ್ನು ಕಳೆದಾಗ ಉಳಿದದ್ದು ‘ಸುರ’. ದೇವನೆಂಬ ಅರ್ಥದ ‘ಸುರ’ ಋಗ್ವೇದದಲ್ಲಿ ಎಲ್ಲಿಯೂ ಇಲ್ಲ. ಸುರಪತಿ, ಸುರಲೋಕ, ಸುರನದಿ ಎಂದೆಲ್ಲ ನಮ್ಮ ಕಾವ್ಯಗಳು ಸಾವಿರ ವರ್ಷ ಬಳಸಿದ ಪದವು ತಪ್ಪಾಗಿ ಒಡೆದ ಒಂದು ಪದದ ತುಂಡೆಂದು ತಿಳಿದಾಗ ಮೊದಲು ಕಸಿವಿಸಿಯಾಗುತ್ತದೆ. ಆದರೆ ಭಾಷೆಯಲ್ಲಿ ಹೀಗೆ ಹುಟ್ಟಿದ ಪದ ಹೀನವೇನಲ್ಲ, ಅದಕ್ಕೂ ಪೂರ್ಣವಾದ ಬಾಳು ಇರುತ್ತದೆ.

ಇದಕ್ಕೆ ಜೊತೆಯಾಗಿ ನಿಲ್ಲುವ ಇನ್ನೊಂದು ಪದ ‘ಧವ’. ಉಮಾಧವ, ರಮಾಧವ ಎನ್ನುವಾಗ ಧವನೆಂದರೆ ಗಂಡ. ವಿಧವೆ ಎಂದರೆ ಧವನಿಲ್ಲದವಳು ಎಂದು ನಾವೆಲ್ಲ ಬಿಡಿಸಿಕೊಳ್ಳುತ್ತೇವೆ. ಆದರೆ ಲ್ಯಾಟಿನ್ನಿನ ‘ವಿದುವಾ’ ಮುಂತಾದ ಸೋದರ ಪದಗಳನ್ನು ಎದುರಿಗಿಟ್ಟು ನೋಡಿದರೆ ವಿಧವಾ ಎಂಬುದು ಒಡೆಯಲಾಗದ ಒಂದೇ ಹಳೆಯ ಪದ, ಬೇರ್ಪಡುವಿಕೆಯ ಅರ್ಥದ ಮೂಲದಿಂದ ಬಂದದ್ದು. ಅದರ ಮೊದಲ ಅಕ್ಷರವನ್ನು ಉಪಸರ್ಗವೆಂದು ಬಗೆದು ತೆಗೆದಾಗ ‘ಧವ’ ಹುಟ್ಟಿತು. ವಿಧವೆಯಿಂದ ಗಂಡ ಹುಟ್ಟಿದನೇ ಹೊರತು ಗಂಡನಿಂದ ವಿಧವೆಯಲ್ಲ. ವೇದದ ಪದಗಳ ಅರ್ಥ ಬಿಡಿಸುವ ಪ್ರಾಚೀನ ಗ್ರಂಥವಾದ ಯಾಸ್ಕರ ನಿರುಕ್ತದಲ್ಲಿ ಈ ಪದಕ್ಕೆ ಕೊಟ್ಟಿರುವ ವಿವರಣೆಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ: ಪೋಷಿಸುವವನನ್ನು ಕಳೆದುಕೊಂಡವಳು ಎಂದೊಂದು, ನಡುಗುವುದರಿಂದ ಎಂದೊಂದು, ಅತ್ತಿತ್ತ ಓಡುವುದರಿಂದ ಎಂದು ಚರ್ಮಶಿರಸ್ ಎಂಬ ಆಚಾರ್ಯರ ಮತವೊಂದು, ‘ಅಥವಾ ಧವನೆಂದರೆ ಮನುಷ್ಯ, ಅವನ ವಿಯೋಗದಿಂದ ವಿಧವೆ’ ಎಂಬುದು ಕೊನೆಗೆ. ನಮಗೆ ಸ್ವತಃಸಿದ್ಧವಾಗಿ ತೋರುವ ಬಿಡಿಸುವಿಕೆ ಯಾಸ್ಕರಿಗೆ ಹಲವು ಸಾಧ್ಯತೆಗಳ ಸಾಲಿನಲ್ಲಿ ಕೊನೆಯದಾಗಿತ್ತು.

ಯಾಸ್ಕರ ಹೆಸರು ಬಂದಮೇಲೆ ಅವರ ಕೆಲಸದ ಬಗೆಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪಾಣಿನಿಗಿಂತ ಹಿಂದಿನವರೆಂದು ಹೆಚ್ಚಿನ ವಿದ್ವಾಂಸರು ಒಪ್ಪುವ ಅವರ ಮುಂದೆ, ಆಗಲೇ ಅರ್ಥ ಮಸುಕಾಗಿದ್ದ ವೈದಿಕ ಪದಗಳ ಪಟ್ಟಿಯೊಂದಿತ್ತು. ಐದು ಅಧ್ಯಾಯಗಳ ಆ ಪಟ್ಟಿಯ ಹೆಸರು ನಿಘಂಟು. ಕನ್ನಡದಲ್ಲಿ ನಾವು ಯಾವ ಭಾಷೆಯ ಪದಕೋಶವನ್ನಾದರೂ ನಿಘಂಟು ಎಂದೇ ಕರೆಯುವುದರಿಂದ, ಆ ಮೊದಲ ನಿಘಂಟಿನ ಋಣ ನಮ್ಮ ನಾಲಿಗೆಯ ಮೇಲೆ ಈಗಲೂ ಇದೆ. ಮೊದಲ ಮೂರು ಅಧ್ಯಾಯಗಳು ಸಮಾನಾರ್ಥಕ ಪದಗಳ ಗುಂಪುಗಳು. ‘ಗೌಃ’ ಎಂಬ ಪದದಿಂದ ಆರಂಭಿಸಿ ಭೂಮಿಗೆ 21 ಹೆಸರುಗಳನ್ನು ಮೊದಲು ಕೊಡಲಾಗಿದೆ. ನಾಲ್ಕನೆಯದರಲ್ಲಿ ಕಠಿಣವಾದ ಬಿಡಿಪದಗಳು, ಐದನೆಯದರಲ್ಲಿ ದೇವತೆಗಳ ಹೆಸರುಗಳು. ಈ ಪಟ್ಟಿಗೆ ಯಾಸ್ಕರು ಬರೆದ ವಿವರಣೆಯೇ ನಿರುಕ್ತ. ನಿಘಂಟು ಎಂಬ ಪದದಿಂದಲೇ ಅವರು ಆರಂಭಿಸಿ, ವೇದದಿಂದ ಆರಿಸಿ ತಂದ ನಿಗಮಗಳಾದ್ದರಿಂದ ನಿಘಂಟು ಎಂಬ ಔಪಮನ್ಯವರ ಮತವನ್ನು ಹೇಳಿ, ಒಟ್ಟುಗೂಡಿಸಿದವು ಎಂಬ ಅರ್ಥ ಬರುವ ಬೇರೆ ಮೂಲಗಳನ್ನೂ ಪಕ್ಕದಲ್ಲಿ ಇಡುತ್ತಾರೆ.

ಅಸುರ ಪದಕ್ಕೆ ಅವರು ಕೊಡುವ ನಿರ್ವಚನಗಳಲ್ಲಿ, ಅಂದರೆ ಪದವನ್ನು ಬಿಡಿಸಿ ಹೇಳುವ ಅರ್ಥಗಳಲ್ಲಿ, ಒಂದು ನನ್ನ ಬಾಲ್ಯದ ಊಹೆಯನ್ನು ಮುಟ್ಟುತ್ತದೆ. ತಮ್ಮ ಸ್ಥಾನಗಳಲ್ಲಿ ನೆಲೆನಿಲ್ಲದವರು, ಸ್ಥಾನಗಳಿಂದ ಎಸೆಯಲ್ಪಟ್ಟವರು ಎಂಬ ಅರ್ಥಗಳನ್ನು ಹೇಳಿದ ಮೇಲೆ ಅವರು, ಅಸು ಎಂಬುದು ಪ್ರಾಣದ ಹೆಸರು, ಅದು ಉಳ್ಳವರು ಅಸುರರು ಎನ್ನುತ್ತಾರೆ. ಅದರ ಬೆನ್ನಿಗೇ ‘ಸು’ ಎಂಬ ಒಳಿತಿನಿಂದ ಸುರರನ್ನೂ ‘ಅಸು’ವಿನಿಂದ ಅಸುರರನ್ನೂ ಸೃಷ್ಟಿಸಿದನೆಂಬ ಪ್ರಸಿದ್ಧ ವಾಕ್ಯವನ್ನೂ ಉಲ್ಲೇಖಿಸುತ್ತಾರೆ. ಹಳೆಯ ಅರ್ಥ, ಹೊಸ ಅರ್ಥ, ಎರಡರ ನಡುವಿನ ಸೇತುವೆ, ಮೂರೂ ಒಂದೇ ಸಾಲಿನಲ್ಲಿವೆ. ಇಂದಿನ ಭಾಷಾವಿಜ್ಞಾನಿಗಳು ವೇದದ ಅಸುರನಿಗೆ ‘ಒಡೆಯ’, ‘ಅಧಿಪತಿ’ ಎಂಬ ಅರ್ಥವನ್ನು ಹೆಚ್ಚಾಗಿ ಒಪ್ಪುತ್ತಾರೆ. ಅಸುವಿನೊಂದಿಗೆ ಅದರ ನಂಟು ಎಷ್ಟೆಂಬ ಚರ್ಚೆ ಇನ್ನೂ ನಿಂತಿಲ್ಲ.

ಇಷ್ಟೊಂದು ಪರ್ಯಾಯಗಳನ್ನು ಕೊಡುವುದು ಯಾಸ್ಕರ ದೌರ್ಬಲ್ಯವೆಂದು ಹಲವರು ದೂರಿದ್ದಾರೆ. ಅಗ್ನಿ ಪದವನ್ನೇ ನೋಡಿ: ಮುಂದೆ ನಿಲ್ಲುವ ಅಗ್ರಣಿ ಆದ್ದರಿಂದ ಅಗ್ನಿ, ಯಜ್ಞಗಳಲ್ಲಿ ಮೊದಲು ತರಲ್ಪಡುವುದರಿಂದ ಅಗ್ನಿ, ಒಣಗಿಸುವುದರಿಂದ ಅಗ್ನಿ ಎಂದು ಸ್ಥೌಲಾಷ್ಠೀವಿ ಎಂಬ ಆಚಾರ್ಯರು, ಹೋಗುವುದು, ಬೆಳಗುವುದು ಅಥವಾ ಸುಡುವುದು, ಒಯ್ಯುವುದು ಎಂಬ ಮೂರು ಕ್ರಿಯಾಪದಗಳಿಂದ ಒಂದೊಂದು ಅಕ್ಷರ ಬಂದಿತೆಂದು ಶಾಕಪೂಣಿ. ಲ್ಯಾಟಿನ್ನಿನ ‘ಇಗ್ನಿಸ್’, ಲಿಥುವೇನಿಯದ ‘ಉಗ್ನಿಸ್’ ಪದಗಳನ್ನು ಬಲ್ಲ ನಮಗೆ ಇವು ಯಾವುವೂ ಮೂಲವಾಗಿ ನಿಲ್ಲುವುದಿಲ್ಲ, ಈ ಮಾತನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ ಯಾಸ್ಕರು ಕೇಳುತ್ತಿದ್ದ ಪ್ರಶ್ನೆ ‘ಈ ಪದ ಎಲ್ಲಿಂದ ಬಂತು’ ಎಂಬುದಷ್ಟೇ ಆಗಿರಲಿಲ್ಲವೆಂದು ನನಗೆ ತೋರುತ್ತದೆ. ‘ಈ ಮಂತ್ರದಲ್ಲಿ ಈ ಪದ ಏನನ್ನು ಹೇಳುತ್ತಿದೆ’ ಎಂಬುದೇ ಅವರ ನಿಜವಾದ ಪ್ರಶ್ನೆ. ‘ಅರ್ಥನಿತ್ಯಃ ಪರೀಕ್ಷೇತ’ ಎಂಬುದು ಅವರದೇ ಸೂತ್ರ: ಅರ್ಥದಲ್ಲಿ ನೆಲೆನಿಂತು ಪರೀಕ್ಷಿಸಬೇಕು.

ನಾಮಪದಗಳೆಲ್ಲ ಕ್ರಿಯೆಯಿಂದ ಹುಟ್ಟಿದವೆಂಬ ಶಾಕಟಾಯನರ ಸಿದ್ಧಾಂತವನ್ನು ಯಾಸ್ಕರು ಒಪ್ಪಿದವರು. ಅದನ್ನು ಒಪ್ಪದ ಗಾರ್ಗ್ಯರ ಆಕ್ಷೇಪಗಳನ್ನು ಅವರು ಅಡಗಿಸದೆ ಪೂರ್ತಿಯಾಗಿ ಬರೆದಿಟ್ಟಿದ್ದಾರೆ, ಆ ಭಾಗವನ್ನು ನಾನು ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ದಾರಿಯನ್ನು ವ್ಯಾಪಿಸುವುದರಿಂದ ಅಶ್ವ ಎನ್ನುವುದಾದರೆ ದಾರಿಯಲ್ಲಿ ಓಡುವ ಯಾರನ್ನಾದರೂ ಅಶ್ವವೆನ್ನಬೇಕಲ್ಲವೇ? ಚುಚ್ಚುವುದರಿಂದ ತೃಣವಾದರೆ ಚುಚ್ಚುವುದೆಲ್ಲವೂ ತೃಣವಾಗಬೇಡವೇ? ಒಂದು ವಸ್ತು ಮಾಡುವ ಕ್ರಿಯೆಗಳೆಷ್ಟೋ ಅದಕ್ಕೆ ಅಷ್ಟು ಹೆಸರುಗಳೇಕೆ ಇಲ್ಲ? ಯಾಸ್ಕರ ಉತ್ತರ ಲೋಕದ ಬಳಕೆಯಿಂದ ಬರುತ್ತದೆ: ಒಂದೇ ಕೆಲಸ ಮಾಡುವವರಲ್ಲಿ ಕೆಲವರಿಗೆ ಮಾತ್ರ ಆ ಹೆಸರು ನಿಲ್ಲುವುದನ್ನು ನಾವು ಕಾಣುತ್ತೇವೆ, ತಕ್ಷ ಮತ್ತು ಪರಿವ್ರಾಜಕ ಪದಗಳಲ್ಲಿ ಆಗಿರುವಂತೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸೌದೆ ಒಡೆಯುವವರೆಲ್ಲ ಬಡಗಿಗಳಲ್ಲ, ಊರೂರು ಅಲೆಯುವವರೆಲ್ಲ ಪರಿವ್ರಾಜಕರಲ್ಲ. ಅರ್ಥಕ್ಕೆ ಹೊಂದದಂತೆ ಪದವನ್ನು ತುಂಡರಿಸಿ ಜೋಡಿಸಿದವನು ನಿಂದೆಗೆ ಪಾತ್ರನೇ ಎಂದು ಒಪ್ಪಿಕೊಂಡು ಅವರು ಸೇರಿಸುವ ಮಾತು ಇದು: ‘ಸೈಷಾ ಪುರುಷಗರ್ಹಾ ನ ಶಾಸ್ತ್ರಗರ್ಹಾ’. ಅದು ವ್ಯಕ್ತಿಯ ದೋಷ, ಶಾಸ್ತ್ರದ ದೋಷವಲ್ಲ. ಸುರೆಯ ಕಥೆ ಹೇಳಿದ ದಿನದ ನನ್ನ ತಪ್ಪನ್ನು ಈ ವಾಕ್ಯದಲ್ಲಿ ಕಾಣುತ್ತೇನೆ. ರಾಮಾಯಣದ ಕಥೆ ಅದರ ಜಾಗದಲ್ಲಿ ಸರಿಯಾಗಿಯೇ ಇತ್ತು. ಅದನ್ನು ಶುನಃಶೇಪನ ಪ್ರಾರ್ಥನೆಯ ಮೇಲೆ ಹೊರಿಸಹೊರಟವನು ನಾನು.

ನಿರುಕ್ತದಲ್ಲಿ ಚಿಕ್ಕದಾದ ಇನ್ನೊಂದು ನಿಷೇಧವಿದೆ, ‘ನೈಕಪದಾನಿ ನಿರ್ಬ್ರೂಯಾತ್’. ಬಿಡಿಯಾದ ಪದಗಳನ್ನು ನಿರ್ವಚಿಸಕೂಡದು. ಪ್ರಕರಣ ತಿಳಿಯದೆ, ವಾಕ್ಯದಿಂದ ಕಿತ್ತು ತಂದ ಪದಕ್ಕೆ ಅರ್ಥ ಹೇಳಬಾರದೆಂಬುದು ಇದರ ತಾತ್ಪರ್ಯ. ಒಂದು ಸಂಸ್ಕೃತ ಪದವನ್ನು ಎರಡು ಮೂರು ಅಕ್ಷರಗಳಾಗಿ ಒಡೆದು, ಪ್ರತಿಯೊಂದಕ್ಕೂ ಗೂಢಾರ್ಥ ಹಚ್ಚಿ, ಇದೇ ಋಷಿಗಳ ಅಭಿಪ್ರಾಯವೆಂದು ಮೊಬೈಲಿನಲ್ಲಿ ಹಂಚುವ ಸಂದೇಶಗಳು ನನಗೂ ದಿನವೂ ಬರುತ್ತವೆ. ಕಳುಹಿಸುವವರ ಶ್ರದ್ಧೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಮಂತ್ರ ಯಾವುದು, ಅದರಲ್ಲಿ ಆ ಪದದ ವಿಭಕ್ತಿ ಯಾವುದು, ಸ್ವರ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಅವುಗಳಲ್ಲಿ ಯಾವುದೂ ಕೇಳಿಕೊಂಡಿರುವುದಿಲ್ಲ, ಅದು ನನ್ನ ನೋವು.

ವಾಕ್ಯವೇ ಪದದ ಅರ್ಥವನ್ನು ನಿರ್ಣಯಿಸುವುದಕ್ಕೆ ಒಂದಕ್ಷರದ ಉದಾಹರಣೆ ಸಾಕು. ಲೌಕಿಕ ಸಂಸ್ಕೃತದಲ್ಲಿ ‘ನ’ ಎಂದರೆ ಇಲ್ಲ, ಅಲ್ಲ. ವೇದದಲ್ಲಿ ಅದಕ್ಕೆ ‘ಹಾಗೆ’, ‘ಅಂತೆ’ ಎಂಬ ಅರ್ಥವೂ ಉಂಟು. ವಿಷ್ಣುಸೂಕ್ತದ ‘ಮೃಗೋ ನ ಭೀಮಃ ಕುಚರೋ ಗಿರಿಷ್ಠಾಃ’ ಎಂಬ ಪಾದವನ್ನು ಲೌಕಿಕ ಸಂಸ್ಕೃತದ ಅಭ್ಯಾಸದಿಂದ ಓದಿದರೆ ಮೃಗವು ಭಯಂಕರವಲ್ಲ ಎಂದಾಗಿಬಿಡುತ್ತದೆ. ಬೆಟ್ಟದಲ್ಲಿರುವ, ಎಲ್ಲೆಂದರಲ್ಲಿ ಸಂಚರಿಸುವ ಭಯಂಕರ ಮೃಗದಂತೆ ವಿಷ್ಣು ಎಂಬುದು ಕವಿಯ ಮಾತು. ಯಾಸ್ಕರು ಇದಕ್ಕೆ ಸರಳವಾದ ಗುರುತನ್ನು ಹೇಳುತ್ತಾರೆ: ಯಾವುದನ್ನು ನಿಷೇಧಿಸಬೇಕೋ ಅದಕ್ಕಿಂತ ಮೊದಲು ಬಂದ ‘ನ’ ನಿಷೇಧ, ಯಾವುದಕ್ಕೆ ಹೋಲಿಸಬೇಕೋ ಅದರ ನಂತರ ಬಂದ ‘ನ’ ಉಪಮೆ. ‘ನೇಂದ್ರಂ ದೇವಮಮಂಸತ’ ಎಂಬಲ್ಲಿ ಅವರು ಇಂದ್ರನನ್ನು ದೇವನೆಂದು ಎಣಿಸಲಿಲ್ಲ. ‘ದುರ್ಮದಾಸೋ ನ ಸುರಾಯಾಮ್’ ಎಂಬಲ್ಲಿ ಸುರೆಯಿಂದ ಮದವೇರಿದವರಂತೆ. ಇದೇ ಪಾದದ ‘ಮೃಗ’ ಪದವನ್ನು ಓದುವಾಗ ಕನ್ನಡಿಗರಿಗೆ ಒಂದು ಸೌಲಭ್ಯವಿದೆ. ಕಾವ್ಯಗಳ ಸಂಸ್ಕೃತದಲ್ಲಿ ಮೃಗವೆಂದರೆ ಬಹುಮಟ್ಟಿಗೆ ಜಿಂಕೆ. ನಾವೋ ಕಾಡುಮೃಗ, ಮೃಗಾಲಯ, ಕ್ರೂರಮೃಗ ಎನ್ನುತ್ತೇವೆ, ವೇದದ ಹಳೆಯ ಅರ್ಥಕ್ಕೆ ಹತ್ತಿರವಾಗಿಯೇ.

ಎಲ್ಲ ಪದಗಳೂ ಹೀಗೆ ಬಾಗಿಲು ತೆರೆಯುವುದಿಲ್ಲ. ಕೌತ್ಸನೆಂಬವನು ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ವಾದಿಸಿ, ‘ಅಮ್ಯಕ್’, ‘ಯಾದೃಶ್ಮಿನ್’, ‘ಜಾರಯಾಯಿ’, ‘ಕಾಣುಕಾ’ ಎಂಬ ಪದಗಳನ್ನು ಸವಾಲಾಗಿ ಮುಂದಿಟ್ಟದ್ದನ್ನೂ ಯಾಸ್ಕರೇ ದಾಖಲಿಸಿದ್ದಾರೆ. ಕುರುಡನಿಗೆ ಕಾಣದಿರುವುದು ಕಂಬದ ತಪ್ಪಲ್ಲ ಎಂಬುದು ಅವರ ಉತ್ತರ.

ತಮಗೆ ಒಪ್ಪಿಗೆಯಾಗದ ಹಿರಿಯರನ್ನು ಅವರು ತಿದ್ದುವ ರೀತಿ ನನಗೆ ಅತ್ಯಂತ ಪ್ರಿಯವಾದದ್ದು. ಋಗ್ವೇದಕ್ಕೆ ಪದಪಾಠವನ್ನು, ಅಂದರೆ ಸಂಧಿ ಬಿಡಿಸಿ ಪದಗಳನ್ನು ಬೇರೆ ಬೇರೆ ಮಾಡಿದ ಪಾಠವನ್ನು, ರಚಿಸಿದ ಶಾಕಲ್ಯರು ಹತ್ತನೆಯ ಮಂಡಲದ ‘ವನೇ ನ ವಾ ಯೋ ನ್ಯಧಾಯಿ’ ಎಂಬಲ್ಲಿ ‘ವಾ’, ‘ಯಃ’ ಎಂದು ಎರಡು ಪದ ಮಾಡಿದರು. ಯಾಸ್ಕರು ಇದು ‘ವಾಯಃ’ ಎಂಬ ಒಂದೇ ಪದ, ಹಕ್ಕಿಯ ಮರಿ ಎಂದರ್ಥ ಎನ್ನುತ್ತಾರೆ. ಕಾರಣ ಎರಡು. ‘ಯಃ’ ಎಂಬ ಸಂಬಂಧಾರ್ಥಕ ಅಲ್ಲಿದ್ದಿದ್ದರೆ ಕ್ರಿಯಾಪದಕ್ಕೆ ಉದಾತ್ತಸ್ವರ, ಅಂದರೆ ಏರುದನಿ, ಇರಬೇಕಾಗಿತ್ತು, ಇಲ್ಲ; ವಾಕ್ಯದ ಅರ್ಥವೂ ಪೂರ್ತಿಯಾಗುತ್ತಿರಲಿಲ್ಲ. ತಲೆಮಾರುಗಳ ಕಂಠದಲ್ಲಿ ಏರಿಳಿತ ತಪ್ಪದೆ ಉಳಿದುಬಂದ ಸ್ವರವೇ ಇಲ್ಲಿ ಸಾಕ್ಷಿ ನುಡಿಯುತ್ತಿದೆ. ಬೇರೆಡೆ ಅವರು ಜನರ ಆಡುಮಾತನ್ನು ಸಾಕ್ಷಿಗೆ ಕರೆಯುತ್ತಾರೆ. ಹೋಗು ಎಂಬರ್ಥದ ‘ಶವತಿ’ ಎಂಬ ಕ್ರಿಯಾಪದವನ್ನು ಕಾಂಬೋಜರು ಮಾತ್ರ ಆಡುತ್ತಾರೆ, ಆರ್ಯರಲ್ಲಿ ಅದರಿಂದಾದ ‘ಶವ’ ಎಂಬ ನಾಮಪದ ಮಾತ್ರ ಉಳಿದಿದೆ ಎನ್ನುತ್ತಾರೆ. ಶವದ ಮೂಲ ಅದೇ ಹೌದೇ ಎಂಬುದು ಬೇರೆ ವಿಚಾರ. ಆದರೆ ವಾಯವ್ಯದ ಗಡಿಯ ಜನರ ನುಡಿಯ ಬಗ್ಗೆ ಅವರು ಹೇಳಿದ್ದು ಸರಿ. ಅವೆಸ್ತಾದಲ್ಲಿಯೂ ಪಾರಸಿಯ ‘ಶುದನ್’ನಲ್ಲಿಯೂ ಆ ಧಾತು ಸಿಗುತ್ತದೆ.

ಪದದ ಅರ್ಥ ಒಂದೇ ಎಂದು ಹಠ ಹಿಡಿಯದ ಈ ಗುಣ ವೃತ್ರನ ಪ್ರಸಂಗದಲ್ಲಿ ಎದ್ದು ಕಾಣುತ್ತದೆ. ವೃತ್ರನಾರು? ಮೇಘ ಎಂದು ಪದಾರ್ಥ ಬಿಡಿಸುವ ನೈರುಕ್ತರು, ತ್ವಷ್ಟೃವಿನ ಮಗನಾದ ಅಸುರ ಎಂದು ಹಳೆಯ ಕಥೆಗಳನ್ನು ನೆಚ್ಚುವ ಐತಿಹಾಸಿಕರು. ನೀರೂ ಬೆಳಕೂ ಕೂಡಿ ಮಳೆಯಾಗುತ್ತದೆ, ಅದನ್ನು ಯುದ್ಧದ ರೂಪಕದಲ್ಲಿ ವರ್ಣಿಸಿದ್ದಾರೆ ಎಂದು ಯಾಸ್ಕರ ವಿವರಣೆ. ನಿಘಂಟಿನಲ್ಲಿ ಮೇಘಕ್ಕೆ ಕೊಟ್ಟಿರುವ 30 ಹೆಸರುಗಳಲ್ಲಿ ಗಿರಿ, ಪರ್ವತ, ವರಾಹ, ವೃತ್ರ ಎಂಬವುಗಳ ಜೊತೆಗೆ ಅಸುರ ಎಂಬುದೂ ಇದೆ. ಮಳೆಗಾಲದ ಆರಂಭದಲ್ಲಿ ಘಟ್ಟದ ಮೇಲೆ ಕವಿದುಕೊಳ್ಳುವ ಕರಿಮೋಡವನ್ನು ಕಂಡವರಿಗೆ ಬೆಟ್ಟ, ಹಂದಿ, ಅಸುರ ಎಂಬ ಹೆಸರುಗಳು ಒಂದೇ ಗುಂಪಿನಲ್ಲಿ ಸೇರಿದ್ದು ಅಸಹಜವಾಗಿ ತೋರದು.

ಈ ಪರಂಪರೆಯ ದೊಡ್ಡ ಕೊಂಡಿ ನಮ್ಮ ನೆಲದ್ದು. ವಿಜಯನಗರದ ಬುಕ್ಕರಾಯನು ವೇದಾರ್ಥವನ್ನು ಪ್ರಕಾಶಪಡಿಸುವ ಹೊಣೆಯನ್ನು ಮಾಧವಾಚಾರ್ಯರಿಗೆ ವಹಿಸಿದನೆಂದೂ, ಆ ಕೆಲಸ ಅವರ ತಮ್ಮ ಸಾಯಣರ ಕೈಗೆ ಬಂದಿತೆಂದೂ ಪರಂಪರೆ ಹೇಳುತ್ತದೆ. 1387ರಲ್ಲಿ ತೀರಿಕೊಂಡ ಸಾಯಣರು ಯಾಸ್ಕರನ್ನು ಹೆಜ್ಜೆಹೆಜ್ಜೆಗೂ ನೆನೆಯುತ್ತಾರೆ. ಲಂಡನ್ನಿನಿಂದ 1849 ಮತ್ತು 1874ರ ನಡುವೆ ಮ್ಯಾಕ್ಸ್ ಮುಲ್ಲರ್ ಆರು ಸಂಪುಟಗಳಲ್ಲಿ ಪ್ರಕಟಿಸಿದ ಋಗ್ವೇದ ಸಾಯಣಭಾಷ್ಯದೊಂದಿಗೆ ಕೂಡಿದ್ದು. ಅದೇ ಹೊತ್ತಿನಲ್ಲಿ ಜರ್ಮನಿಯ ರುಡಾಲ್ಫ್ ರೋಥ್, ಸಾಯಣರು ವೇದಕಾಲದಿಂದ ಬಹುದೂರದವರು, ಪದವೊಂದು ಬಂದಿರುವ ಎಲ್ಲ ಸ್ಥಳಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅರ್ಥ ತಾನೇ ಹೊರಡುತ್ತದೆ ಎಂಬ ನಿಲುವು ತಳೆದರು. ಪದಗಳ ಎಲ್ಲ ಪ್ರಯೋಗಗಳನ್ನು ಜೋಡಿಸಿ ನೋಡುವ ಆ ಕ್ರಮದಿಂದ ನಾವು ಕಲಿತದ್ದು ಬಹಳ. ಸಾಯಣರು ಅಸುರ ಪದಕ್ಕೆ ಒಂದು ಕಡೆ ಪ್ರಾಣವನ್ನು ಕೊಡುವವನು ಎಂದೂ ಇನ್ನೊಂದು ಕಡೆ ಅನಿಷ್ಟವನ್ನು ಎಸೆಯುವವನು ಎಂದೂ ಅರ್ಥ ಬರೆಯುವುದು ಆ ಕ್ರಮಕ್ಕೆ ಒಗ್ಗದು ನಿಜ. ಆದರೂ ವರುಣನ ಮುಂದೆ ನಿಂತಾಗ ಅವರು ಪುರಾಣದ ರಾಕ್ಷಸನನ್ನು ಮಂತ್ರದೊಳಗೆ ಬಿಟ್ಟುಕೊಳ್ಳಲಿಲ್ಲ. ಪುರಾಣಗಳ ನಡುವೆಯೇ ಬದುಕಿದ್ದ ಹದಿನಾಲ್ಕನೆಯ ಶತಮಾನದ ಮನುಷ್ಯನೊಬ್ಬನಿಗೆ ಅದು ಸುಲಭವಾಗಿರಲಿಲ್ಲ. ಯಜ್ಞದ ಕ್ರಿಯೆಗಳನ್ನು ಕಣ್ಣಾರೆ ಕಂಡವರ ಜ್ಞಾನವನ್ನು ತಳ್ಳಿಹಾಕಿ ವೇದವನ್ನು ಓದಬಹುದೆಂದು ನಾನು ನಂಬುವುದಿಲ್ಲ. ಆ ಜ್ಞಾನವೊಂದೇ ಸಾಕೆಂದೂ ನಂಬುವುದಿಲ್ಲ.

ಆ ಹಿರಿಯರು ಈಗಿಲ್ಲ. ಅವರು ನನಗೆ ಕೊನೆಯದಾಗಿ ತೋರಿಸಿದ್ದು ಮೊದಲ ಮಂಡಲದ ಉಷಸ್ಸಿನ ಸೂಕ್ತದ ಒಂದು ಮಂತ್ರವನ್ನು: ‘ಉದೀರ್ಧ್ವಂ ಜೀವೋ ಅಸುರ್ನ ಆಗಾದಪ ಪ್ರಾಗಾತ್ತಮ ಆ ಜ್ಯೋತಿರೇತಿ’. ‘ಅಸುರ್ನ’ ಎಂಬಲ್ಲಿ ನನ್ನ ಕಣ್ಣು ನಿಂತಿತು. ಅಸುರನಿದ್ದಾನೆಂದು ತೋರಿತು, ಪಕ್ಕದಲ್ಲಿ ‘ನ’ ಕೂಡ ಇದೆ, ನಿಷೇಧವೋ ಉಪಮೆಯೋ ಎಂದು ಯೋಚಿಸತೊಡಗಿದೆ. ಅವರು ಏನೂ ಹೇಳದೆ ಶಾಕಲ್ಯರ ಪದಪಾಠದ ಸಾಲಿನ ಮೇಲೆ ಬೆರಳಿಟ್ಟರು. ಜೀವಃ, ಅಸುಃ, ನಃ, ಆ, ಅಗಾತ್. ಅಸುರನೂ ಇಲ್ಲ, ‘ನ’ಕಾರವೂ ಇಲ್ಲ, ರೇಫವು ಸಂಧಿಯಿಂದ ಬಂದದ್ದು, ‘ನಃ’ ಎಂದರೆ ನಮಗೆ. ‘ಏಳಿರಿ, ನಮ್ಮ ಜೀವ, ನಮ್ಮ ಉಸಿರು ಬಂದಿದೆ; ಕತ್ತಲು ಹೊರಟುಹೋಯಿತು, ಬೆಳಕು ಬರುತ್ತಿದೆ.’ ಅವರು ತೀರಿಕೊಂಡ ಮರುದಿನ ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಅದರಲ್ಲಿಯೂ ‘ಅಸುನೀಗಿದರು’ ಎಂದೇ ಬರೆದಿದ್ದರು.